ಚಳೀಲಿ ಹಳೆ ಕಾರ್ ಮೈಲೇಜ್ ಬಿದ್ದೋಗಿದ್ಯಾ? ಥರ್ಮೋಸ್ಟಾಟ್ ನೋಡ್ಸಿ
ಮಡಿಕೇರಿ, ಚಿಕ್ಕಮಗಳೂರು ಕಡೆಯವ್ರೇ, ಡಿಸೆಂಬರ್ ಚಳಿ ಶುರುವಾದ್ಮೇಲೆ ಹಳೆ ಗಾಡಿ ಪೆಟ್ರೋಲ್ ಜಾಸ್ತಿ ಕುಡೀತಿದ್ರೆ ಮೊದ್ಲು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗೋವರೆಗೂ ರೇಡಿಯೇಟರ್‌ಗೆ ನೀರು ಹೋಗದಂಗೆ ತಡೆಯೋ ವಾಲ್ವ್) ಇದ್ಯಾ ಅಂತ ನೋಡ್ಸಿ, ಯಾಕಂದ್ರೆ ಓವರ್‌ಹೀಟ್ ಆಗಬಾರ್ದು ಅಂತ ಎಷ್ಟೋ ಮೆಕ್ಯಾನಿಕ್‌ಗಳು ಅದನ್ನ ಕಿತ್ತು ಬಿಸಾಕಿರ್ತಾರೆ, ನಮ್ ಗಾಡೀಲೂ ಇರ್ಲಿಲ್ಲ ನೋಡಿ! ಅದಿಲ್ದಿದ್ರೆ ಇಂಜಿನ್ ಬೇಗ ಬಿಸಿಯಾಗಲ್ಲ, ಟೆಂಪರೇಚರ್ ಮುಳ್ಳು ಕೆಳಗೇ ಮಲಗಿರುತ್ತೆ, ತಣ್ಣಗಿರೋ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿನೇ ಬೇಕು. ಕಾರ್ಬುರೇಟರ್ ಗಾಡಿ ಆದ್ರೆ ಚೋಕ್ (ತಣ್ಣಗಿರೋ ಇಂಜಿನ್ ಸ್ಟಾರ್ಟ್ ಆಗ್ಲಿ ಅಂತ ಪೆಟ್ರೋಲ್ ಪಾಲು ಜಾಸ್ತಿ ಮಾಡೋ ನಾಬ್) ಎಳೆದಿದ್ದು ಮರೀಬೇಡಿ, ಇಂಜಿನ್ ಒಂದ್ ಹದಕ್ಕೆ ಬಂದ್ ತಕ್ಷಣ ಒಳಗ್ ತಳ್ಳಿ. ನಿಂತಲ್ಲೇ 10 ನಿಮಿಷ ಬಿಸಿ ಮಾಡೋದು ಬರೀ ದಂಡ, ಒಂದ್ ನಿಮಿಷ ಬಿಟ್ಟು ನಿಧಾನಕ್ಕೆ ಹೊರಟ್ರೆ ಓಡ್ತಾ ಓಡ್ತಾನೇ ಬಿಸಿಯಾಗುತ್ತೆ. ಗಾಳೀನೂ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ್ಲೇ ಚೆಕ್ ಮಾಡ್ಸಿ, ಟೆಂಪರೇಚರ್ 5-6 ಡಿಗ್ರಿ ಇಳಿದ್ರೆ ಸುಮಾರು 1 ಪಿಎಸ್‌ಐ ಕಮ್ಮಿ ಆಗುತ್ತೆ.