ಸಂಶೋಧನೆಗೆ ದೇಣಿಗೆ: ಕಾಫಿ ತೋಟದವರ ತೆರಿಗೆ ಲೆಕ್ಕ

ವೈದ್ಯಕೀಯ ಸಂಶೋಧನೆಗೆ ದುಡ್ಡು ಕೊಟ್ಟರೆ ತೆರಿಗೆ ಉಳಿಯುತ್ತೆ ಅನ್ನೋ ಮಾತು ಕೊಡಗಿನಲ್ಲಿ ಅರ್ಧ ಮಾತ್ರ ನಿಜ. ಗೋಣಿಕೊಪ್ಪಲಿನಲ್ಲಿ ಆದಾಯ ತೆರಿಗೆ ರಿಟರ್ನ್ ಮಾಡಿಕೊಡುವ ನನಗೆ ಇದು ಸರಿಯಾಗಿ ತಿಳಿದದ್ದು ಕುಟ್ಟದ ಕಡೆಯ ಬೆಳೆಗಾರರೊಬ್ಬರ ಲೆಕ್ಕ ಮಾಡುವಾಗ.

2018ರಲ್ಲಿ ಕಲ್ಲಿಕೋಟೆ ಕಡೆ ಬಾವಲಿಯಿಂದ ಹರಡುವ ನಿಫಾ ವೈರಸ್ ಬಂದಾಗಿಂದ ಅವರಿಗೆ ಬಾವಲಿಯದೇ ಚಿಂತೆ. ತೋಟದಲ್ಲಿ ಬಾವಲಿ ಹಣ್ಣು ಚೀಪಿ ಉಗಿದ ಕಾಫಿ ಬೀಜ ಗಿಡದ ಬುಡದಲ್ಲಿ ಬಿದ್ದಿರುತ್ತೆ. ಮೊದಲು ಹೆಕ್ಕಿಸುತ್ತಿದ್ದರು, ಈಗ ಕೆಲಸದವರಿಗೆ ಮುಟ್ಟಬೇಡಿ ಅಂತಾರೆ. ವೈರಸ್ ಸಂಶೋಧನೆಗೆ ಒಂದು ಲಕ್ಷ ಕೊಡ್ತೀನಿ, ತೆರಿಗೆ ಎಷ್ಟು ಉಳಿಯುತ್ತೆ ಅಂತ ಕೇಳಿದರು.

"ಯಾವ ಆದಾಯದಿಂದ ಕೊಡ್ತೀರಿ ಸಾರ್?" ಅಂದೆ.

ಇರೋದೇ ಅಲ್ಲಿ. ಹಣ್ಣನ್ನು ಹಾಗೇ ಮಾರುವವರಿಗೆ ಅದು ಕೃಷಿ ಆದಾಯ, ಕೇಂದ್ರದ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯಲ್ಲಿ ಉಳಿಸೋದೇನು? ಇವರು ಕ್ಯೂರಿಂಗ್ ಮಾಡಿ, ಅಂದರೆ ಸಿಪ್ಪೆ ತೆಗೆದು ಬೀಜ ಹದ ಮಾಡಿ, ಮಾರುತ್ತಾರೆ. ಆಗಿನ ಆದಾಯ ತೆರಿಗೆ ನಿಯಮ 7ಬಿ ಪ್ರಕಾರ ಅಂಥ ಲಾಭದ ಶೇ 25ರಷ್ಟು ಭಾಗಕ್ಕೆ ಮಾತ್ರ ಕೇಂದ್ರದ ತೆರಿಗೆ. 2026ರ ಮಾರ್ಚ್ ತನಕ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ, ಸಂಶೋಧನೆಗೆ ಕೊಟ್ಟದ್ದನ್ನು ವ್ಯಾಪಾರದ ಲಾಭದಿಂದ ಕಳೆಯುವ ಸೆಕ್ಷನ್ 35ರ ಕಡಿತ ಆ ಭಾಗ ಮಾಡೋದಕ್ಕೆ ಮೊದಲೇ ಆಗುವುದರಿಂದ, ಲಕ್ಷ ಕೊಟ್ಟರೆ ಲೆಕ್ಕಕ್ಕೆ ಬರೋದು 25,000 ಮಾತ್ರ. ಶೇ 30ರ ಸ್ಲ್ಯಾಬಿನಲ್ಲಿ ಉಳಿತಾಯ 7,500. ಅದೇ ಲಕ್ಷ ಅವರ ಹೋಮ್‌ಸ್ಟೇ ವ್ಯಾಪಾರದಿಂದ ಹೋದರೆ 30,000. ಹೋಮ್‌ಸ್ಟೇ ಖಾತೆಯಿಂದಲೇ ಕೊಡಿಸಿದೆ.

ಒಂದು ಕಾಲದಲ್ಲಿ ಇದಕ್ಕೆ ಶೇ 175 ಕಡಿತ, ಅಂದರೆ ಲಕ್ಷ ಕೊಟ್ಟರೆ ಒಂದೂ ಮುಕ್ಕಾಲು ಲಕ್ಷ, ಸಿಗುತ್ತಿತ್ತು, ಆಮೇಲೆ 150 ಆಯಿತು. 2020ರ ಏಪ್ರಿಲ್‌ನಿಂದ ಶೇ 100. ಆ ಆಸೆಗೆ ಸುಳ್ಳು ರಸೀದಿ ಮಾರುವವರೂ ಹುಟ್ಟಿಕೊಂಡಿದ್ದರು, ಸರ್ಕಾರ ಇಳಿಸಿದ್ದು ಸುಮ್ನೆ ಅಲ್ಲ ಅಂತ ನನಗನ್ನಿಸುತ್ತೆ.

ಸಂಸ್ಥೆ ಆರಿಸೋದರಲ್ಲೇ ಜಾಸ್ತಿ ಹೊತ್ತು ಹೋಯಿತು. ಆಸ್ಪತ್ರೆಯವರು ಸಾಮಾನ್ಯ ದಾನಕ್ಕೆ ಕೊಡುವ 80ಜಿ ರಸೀದಿ ಬೇರೆ, ಸಂಶೋಧನೆಗೆ ಸೆಕ್ಷನ್ 35(1)(ii) ಅಡಿ ಅನುಮೋದನೆ ಇರುವ ಸಂಸ್ಥೆಯೇ ಬೇರೆ. ಅಧಿಸೂಚನೆಯ ಪ್ರತಿ ಕಣ್ಣಿಂದ ನೋಡಿದ ಮೇಲೇ ಚೆಕ್ ಬರೆಸಿದ್ದು. ಸಂಸ್ಥೆಯವರು ಮೇ 31ರೊಳಗೆ ಇಲಾಖೆಗೆ ದೇಣಿಗೆಗಳ ಪಟ್ಟಿಯಾದ ಫಾರಂ 10ಬಿಡಿ ಸಲ್ಲಿಸಿ ನಮಗೆ ಫಾರಂ 10ಬಿಇಯಲ್ಲಿ ದೇಣಿಗೆಯ ಪ್ರಮಾಣಪತ್ರ ಕೊಡಬೇಕಿತ್ತು. ರಸೀದಿ ಒಂದೇ ಸಾಲುತ್ತಿರಲಿಲ್ಲ.

ಹೊಸ ತೆರಿಗೆ ಪದ್ಧತಿಯಲ್ಲಿ ಇದ್ಯಾವುದೂ ಇಲ್ಲ. ಇವರು ಗೃಹಸಾಲದ ಕಾರಣಕ್ಕೆ ಮೊದಲೇ ಹೊಸದು ಬೇಡ ಅನ್ನೋ ಫಾರಂ 10-ಐಇಎ ಕೊಟ್ಟು ಹಳೆಯದರಲ್ಲಿದ್ದರು. ಬರೀ ದೇಣಿಗೆಗೋಸ್ಕರ ಹಳೆಯದಕ್ಕೆ ಹೋಗೋದು ಬೇಡ ಅಂತಲೇ ನಾನು ಬೇರೆಯವರಿಗೆ ಹೇಳೋದು. ವ್ಯಾಪಾರದ ಆದಾಯ ಇದ್ದವರು ವರ್ಷಕ್ಕೊಂದು ಸಲ ಅತ್ತಿತ್ತ ಜಿಗಿಯೋಕೆ ಆಗಲ್ಲ ಅಲ್ವಾ.

ಅವರ ಅಕ್ಕನೂ ಕೊಟ್ಟರು. ಅವರಿಗೆ ಪೆನ್ಷನ್ ಬಿಟ್ಟರೆ ಬಡ್ಡಿ ಅಷ್ಟೇ, ವ್ಯಾಪಾರ ಇಲ್ಲ. ಹಾಗಾಗಿ ವ್ಯಾಪಾರ ಇಲ್ಲದವರ ಸಂಶೋಧನಾ ದೇಣಿಗೆಗೆ ಇದ್ದ ಸೆಕ್ಷನ್ 80ಜಿಜಿಎ. ನಗದು 2,000 ದಾಟಿದರೆ ಕಡಿತ ಸಿಗಲ್ಲ ಅಂದಾಗ, ಕೈಯಲ್ಲಿದ್ದ ನೋಟಿನ ಕವರ್ ವಾಪಸ್ ಬ್ಯಾಗಿಗಿಟ್ಟು ಚೆಕ್‌ಬುಕ್ ತೆಗೆದರು.