ಮಳೆಗಾಲಕ್ಕೆ ಗ್ಯಾಸ್ ಗೀಸರ್ ಶುರು ಮಾಡುವಾಗ

ಶಿರಸಿಯಲ್ಲಿ ಜೂನ್ ಮಳೆ ಹಿಡಿಯಿತೆಂದರೆ ನಮ್ಮ ಬಚ್ಚಲ ಒಲೆಗೆ ಒಣ ಕಟ್ಟಿಗೆ ಸಿಗುವುದಿಲ್ಲ. ಬೇಸಿಗೆಯಿಡೀ ಸುಮ್ನೆ ಇದ್ದ ಗ್ಯಾಸ್ ಗೀಸರ್ ಆಗ ಬೇಕಾಗುತ್ತದೆ. ನಾನಂತೂ ಅವಸರ ಮಾಡುವುದಿಲ್ಲ.

ಮೊದಲು ಕಿಟಕಿ ತೆರೆದು ಮೂಸಿ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ತಿರ ನಿಲ್ಲುತ್ತದೆ. ಅದಕ್ಕೇ ಬಗ್ಗಿ ಮೂಸಬೇಕು. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಹೊರಗೆ ಹೋಗಿ ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ. ಲೈಟಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ.

ಆಮೇಲೆ ಪೈಪ್. ಬಿರುಕು, ಇಲಿ ಕಡಿದ ಗುರುತು ಇದ್ದರೆ ಬದಲಿಸಿ. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದೇ ಅರ್ಥ. ಹೊಸ ಬ್ಯಾಟರಿ ಹಾಕಿ. ನಲ್ಲಿ ತಿರುಗಿಸಿದಾಗ ಟಕ್ ಟಕ್ ಸದ್ದಾಗಿ ಬೆಂಕಿ ಹತ್ತಬೇಕು. ಹತ್ತದಿದ್ದರೆ ನಲ್ಲಿ ಮುಚ್ಚಿ, ಐದು ನಿಮಿಷ ಗಾಳಿಯಾಡಲು ಬಿಡಿ.

ಉರಿ ನೀಲಿ ಇರಬೇಕು. ಹಳದಿಯಾದರೆ, ಮಸಿ ಕಂಡರೆ ನಿಲ್ಲಿಸಿ, ಮೆಕ್ಯಾನಿಕ್‌ನನ್ನು ಕರೆಸಿ. ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಮ್ಮೆ ನನ್ನ ಮಗಳಿಗೆ ಸ್ನಾನದ ಮಧ್ಯೆ ತಲೆ ಸುತ್ತಿತು. ಚಳಿಯೆಂದು ಕಿಟಕಿ ಮುಚ್ಚಿಕೊಂಡಿದ್ದಳು. ಅತ್ತೆ ಬಾಗಿಲು ಬಡಿದು ಹೊರಗೆ ಕರೆತಂದರು. ಆ ವಾರವೇ ಗೀಸರನ್ನು ಬಚ್ಚಲಿನ ಹೊರಗೆ, ಹಿತ್ತಿಲ ಕಡೆಯ ಗೋಡೆಗೆ ಹಾಕಿಸಿದೆವು. ನಿಮ್ಮದೂ ಒಳಗಿದ್ದರೆ ದಯವಿಟ್ಟು ಹೊರಗೆ ಹಾಕಿಸಿ. ಅಲ್ಲಿಯವರೆಗೆ ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲಷ್ಟೇ ಸ್ನಾನಕ್ಕೆ ಹೋಗಿ.