ಮಗು ಆಗುವುದು ತಡವಾಗುತ್ತಿದೆಯೇ? ಪರೀಕ್ಷೆಗೆ ಇಬ್ಬರೂ ಹೋಗಿ

ಮಗು ಆಗಲಿಲ್ಲ ಅಂದ ಕೂಡಲೇ ಹೆಂಡತಿಯೊಬ್ಬಳನ್ನೇ ಡಾಕ್ಟರ್ ಹತ್ತಿರ ಕಳಿಸುವುದು ಇನ್ನೂ ನಿಂತಿಲ್ಲ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡನ ಕಡೆಯ ಕಾರಣವೂ ಇರುತ್ತದೆ. ಆಕೆಯೊಬ್ಬಳೇ ವರ್ಷಗಟ್ಟಲೆ ಮಾತ್ರೆ ನುಂಗುವುದು ಅನ್ಯಾಯ ಅಲ್ವಾ?

ಮೊದಲು ಸಮಯ ನೋಡಿಕೊಳ್ಳಿ. ಗರ್ಭನಿರೋಧಕ ಬಳಸದೆ 1 ವರ್ಷ ಕೂಡಿದರೂ ಗರ್ಭ ನಿಲ್ಲದಿದ್ದರೆ ಡಾಕ್ಟರನ್ನು ಕಾಣಿ. ಹೆಂಡತಿಗೆ 35 ದಾಟಿದ್ದರೆ 6 ತಿಂಗಳಿಗೇ ಹೋಗಿ. ಮುಟ್ಟು ಏರುಪೇರಾಗಿದ್ದರೆ ಕಾಯುವುದೇ ಬೇಡ. ಅಂಡಾಣು ಬದುಕುವುದು ಹೆಚ್ಚೆಂದರೆ 1 ದಿನ, ವೀರ್ಯಾಣು 5 ದಿನದವರೆಗೂ ಉಳಿಯಬಲ್ಲದು. ಹಾಗಾಗಿ ಅಂಡಾಣು ಬಿಡುಗಡೆಗೆ ಮುಂಚಿನ 5 ದಿನ ಮತ್ತು ಆ ದಿನ ಮುಖ್ಯ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಈ ಬಿಡುಗಡೆ ಆಗುತ್ತದೆ.

ಪರೀಕ್ಷೆಗಳಲ್ಲಿ ಮೊದಲು ವೀರ್ಯ ಪರೀಕ್ಷೆ ಮಾಡಿಸಿ. ನೋವಿಲ್ಲ, ಸೂಜಿಯಿಲ್ಲ. 2ರಿಂದ 7 ದಿನ ವೀರ್ಯ ಹೊರಹೋಗದಂತೆ ನೋಡಿಕೊಂಡು ಸ್ಯಾಂಪಲ್ ಕೊಡಬೇಕು. ಮೊದಲ ಹನಿಗಳಲ್ಲೇ ವೀರ್ಯಾಣು ಜಾಸ್ತಿ. ಅವು ಚೆಲ್ಲಿಹೋದರೆ ಮುಜುಗರ ಬಿಟ್ಟು ಲ್ಯಾಬಿನವರಿಗೆ ಹೇಳಿ, ಇಲ್ಲದಿದ್ದರೆ ರಿಪೋರ್ಟ್ ತಪ್ಪಾಗುತ್ತದೆ. ಮನೆಯಿಂದ ತರುವುದಾದರೆ ಡಬ್ಬಿಯನ್ನು ಮೈಗೆ ಒತ್ತಿಟ್ಟುಕೊಂಡು 1 ಗಂಟೆಯೊಳಗೆ ತಲುಪಿಸಿ. ಒಂದು ರಿಪೋರ್ಟ್ ಕೆಟ್ಟದಾಗಿ ಬಂತೆಂದು ಕುಸಿಯಬೇಡಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಹಿಂದೆ ಬಂದ ಜೋರು ಜ್ವರವೂ ಅದನ್ನು ಇಳಿಸಿರಬಹುದು. ಹಾಗಾಗಿ ಇನ್ನೊಮ್ಮೆ ಮಾಡಿಸುತ್ತಾರೆ. ಮೈಕಟ್ಟಿಗೆಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳಲೇಬೇಕು. ಅದು ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಿಬಿಡಬಹುದು.

ಹೆಂಡತಿಗೆ ಸ್ಕ್ಯಾನಿಂಗ್, ಥೈರಾಯ್ಡ್ ಮತ್ತಿತರ ಹಾರ್ಮೋನ್ ಪರೀಕ್ಷೆ ಇರುತ್ತದೆ. ಅಂಡನಾಳ ತೆರೆದಿದೆಯೇ ಎಂದು ನೋಡಲು ಆ ತಿಂಗಳ ಮುಟ್ಟು ಮುಗಿದ ಮೇಲೆ ಗರ್ಭಕೋಶಕ್ಕೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಸ್ವಲ್ಪ ಹೊತ್ತು ಕಿಬ್ಬೊಟ್ಟೆ ಹಿಂಡುತ್ತದೆ. ಎಎಂಎಚ್ ಎಂಬ ಹಾರ್ಮೋನ್ ಕಡಿಮೆ ಬಂದರೆ ಮಗುವೇ ಆಗಲ್ಲ ಎಂದರ್ಥವಲ್ಲ. ಅದು ಉಳಿದಿರುವ ಅಂಡಾಣುಗಳ ಅಂದಾಜು ಅಷ್ಟೇ.

ಚಿಕಿತ್ಸೆ ಕಾರಣಕ್ಕೆ ತಕ್ಕಂತೆ. ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆಯಿಂದ ಅಂಡಾಣು ಬಿಡುಗಡೆಯಾಗದಿದ್ದರೆ ಲೆಟ್ರೊಜೋಲ್ ಮಾತ್ರೆಯಿಂದಲೇ ಎಷ್ಟೋ ಜನರಿಗೆ ಗರ್ಭ ನಿಲ್ಲುತ್ತದೆ. ಐಯುಐನಲ್ಲಿ ಶುದ್ಧಗೊಳಿಸಿದ ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುತ್ತಾರೆ. ಇದಕ್ಕೆ ಒಂದಾದರೂ ಅಂಡನಾಳ ತೆರೆದಿರಬೇಕು. ಎರಡೂ ಮುಚ್ಚಿದ್ದರೆ ಐವಿಎಫ್. ಸುಮಾರು 10 ದಿನ ಇಂಜೆಕ್ಷನ್ ಕೊಟ್ಟು, ಅಂಡಾಣುಗಳನ್ನು ಹೊರತೆಗೆದು, ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶದಲ್ಲಿಡುತ್ತಾರೆ. ಐವಿಎಫ್‌ನಿಂದ ಮೊದಲ ಮಗು ಹುಟ್ಟಿದ್ದು 1978ರಲ್ಲಿ. ವೀರ್ಯಾಣು ತೀರಾ ಕಡಿಮೆಯಿದ್ದರೆ ಒಂದೊಂದು ಅಂಡಾಣುವಿಗೂ ಒಂದೊಂದು ವೀರ್ಯಾಣು ಚುಚ್ಚುವ ಇಕ್ಸಿ ಇದೆ.

ಐವಿಎಫ್‌ಗೆ ಒಪ್ಪುವ ಮೊದಲು ಎರಡು ಪ್ರಶ್ನೆ ಕೇಳಿ: ನಮಗೆ ಇದೇ ಯಾಕೆ ಬೇಕು? ನಮ್ಮ ವಯಸ್ಸಿನವರಲ್ಲಿ ಎಷ್ಟು ಜನರಿಗೆ ಮಗು ಹುಟ್ಟಿದೆ? ಗರ್ಭ ನಿಂತ ಲೆಕ್ಕ ಬೇರೆ, ಮಗು ಕೈಗೆ ಬಂದ ಲೆಕ್ಕ ಬೇರೆ. ಇಂಜೆಕ್ಷನ್ ಶುರುವಾದ ಮೇಲೆ ಹೊಟ್ಟೆ ತೀರಾ ಉಬ್ಬಿದರೆ, ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.